ಸಂಪೂರ್ಣದ ಮೇಲೊಂದು ಅಧ್ಯಾಯ

ಗೋರೆಗಾಂವ್, ಮುಂಬಯಿ
೨೦ ಜುಲೈ ೧೯೫೬

ಶ್ರೀಮದ್ ವಿಜಾಪುರ ಸಿಂಹಾಸನಾಧೀಶ್ವರಿ, ಒಗ್ಗರಣೆ ಚಕ್ರವರ್ತಿನಿ, ಈ ದೀನನ ಕಿವಿ ಹಿಂಡುವ ಜನ್ಮಸಿದ್ಧ ಹಕ್ಕುಳ್ಳ ನೀಲಾವತಿ ಅಕ್ಕನವರ ಪಾದಗಳಿಗೆ ತಮ್ಮ ಸಂಗಪ್ಪನ ಸಾಷ್ಟಾಂಗ.

ಅಕ್ಕಾ, ಹೇಗಿದ್ದೀ? ಕೆಮ್ಮು ಹೋಯಿತೇ? ಭಾವನವರು, ಅತ್ತೆಯವರು ಕ್ಷೇಮವೇ? ಇಲ್ಲಿ ಅವ್ವನ ಮಂಡಿನೋವು ಮಳೆಯ ಜೊತೆಗೇ ಬಂದು ಕೂತಿದೆ. ಅಪ್ಪ ಎಂದಿನಂತೆ ಲೋಕಲ್ ಗಾಡಿ ಹಿಡಿದು ಹೋಗುತ್ತಾರೆ, ಬರುತ್ತಾರೆ.

ಈಗ ಮೊಕದ್ದಮೆಗೆ ಬರೋಣ. ನಾವು ಒಂದೊಂದೇ ಭಾಗ ಕೊಂಡು ಓದಿದ ಆ ಕಾದಂಬರಿ ನೆನಪಿದೆಯಲ್ಲ? ನಾಲ್ಕನೆಯ ಭಾಗದ ಕೊನೆಗೆ ನಾಯಕಿ ಗಂಡನ ಊರಿನ ಗಾಡಿ ಹತ್ತುತ್ತಾಳೆ, ಕೆಳಗೆ ದಪ್ಪಕ್ಷರದಲ್ಲಿ ‘ಸಂಪೂರ್ಣ’. ‘ಇದೆಂಥಾ ಸಂಪೂರ್ಣೋ! ಆಕಿ ತಿರುಗಿ ತವರಿಗೆ ಬಂದಳೋ ಇಲ್ಲೋ?’ ಎಂದು ನೀನು ಪುಸ್ತಕವನ್ನೇ ಬೈದಿದ್ದೆ. ಈಗ ನಾಲ್ಕೂ ಭಾಗ ಸೇರಿಸಿ ‘ಪರಿಪೂರ್ಣ ಆವೃತ್ತಿ’ ತಂದಿದ್ದಾರೆ. ಕೊನೆಗೆ ಹೊಸದೊಂದು ಅಧ್ಯಾಯ! ಸಂಪೂರ್ಣವಾದದ್ದರ ಮೇಲೆ ಇನ್ನಷ್ಟು ಸುರಿಯಲು ಅದೇನು ಹೋಳಿಗೆಯೇ, ತುಪ್ಪವೇ? ಗ್ರಾಂಟ್ ರೋಡಿನ ಪುಸ್ತಕದಂಗಡಿಗೆ ಹೋಗಿ ವಕೀಲನಂತೆ ಎದೆಯುಬ್ಬಿಸಿ ಕೇಳಿದೆ: ಮೊದಲು ನಂಬಿ ಕೊಂಡವರಿಗೆ ಮೊಟಕು ಕತೆ, ನಿನ್ನೆ ಬಂದವರಿಗೆ ಪೂರ್ತಿ ಕತೆ, ಇದು ಯಾವ ನ್ಯಾಯ? ಅಂಗಡಿಯ ಕಾಶಪ್ಪನವರು ಕನ್ನಡಕದ ಮೇಲಿಂದ ನೋಡಿ, ‘ಏ ತಮ್ಮಾ, ಎಲ್ಲಾರಕಿಂತ ಮೊದ್ಲ ಓದಿ ಮಜಾ ಮಾಡಿದಾಂವ ನೀನ. ಈಗ ಅಳಾಂವನೂ ನೀನ ಏನು?’ ಎಂದರು. ಬಹಳ ವಾದವಾಗಿ ತೀರ್ಪು ಹೊರಬಿತ್ತು: ಹಳೆಯ ನಾಲ್ಕೂ ಭಾಗ ತಂದುಕೊಟ್ಟವರಿಗೆ ಬದಲಿಗೆ ಹೊಸ ಪುಸ್ತಕ. ಮೊದಲೆರಡು ಭಾಗ ನಿನ್ನ ಟ್ರಂಕಿನಲ್ಲಿ ವಿಜಾಪುರ ಸೇರಿವೆ. ಅಂಚೆಗೆ ಹಾಕಿದರೆ ಮಳೆಯಲ್ಲಿ ನೆನೆದಾವು. ಆದ್ದರಿಂದ ಫಿರ್ಯಾದಿ ನಂಬರ್ ಒಂದು, ಅಂದರೆ ತಾವು, ನಾಗರ ಪಂಚಮಿಗೆ ಖುದ್ದಾಗಿ ಹಾಜರಾಗತಕ್ಕದ್ದು. ಕರೆಯಲು ನಾನೇ ಬರುತ್ತೇನೆ. ಹೋದ ಪಂಚಮಿಗೆ ಅತ್ತೆಯವರಿಗೆ ಹುಷಾರಿಲ್ಲವೆಂದು ನೀನು ಬರಲಿಲ್ಲ. ಚಾಳಿನ ಜಂತಿಗೆ ನಿನಗೆಂದು ಕಟ್ಟಿದ ಜೋಕಾಲಿಯಲ್ಲಿ ಪಕ್ಕದ ಮನೆಯ ಹುಡುಗರು ಜೀಕಿದರು. ಅವ್ವ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತಳು.

ಹೊಸಬರು ಇಡೀ ಕತೆಯನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಾರೆ, ಪಾಪ. ಮುಂದಿನ ಭಾಗ ಬರುವತನಕ ನಲ್ಲಿಯ ಸಾಲಿನಲ್ಲಿ ನಿಂತು ನಾವೇ ಕತೆ ಕಟ್ಟಿದ್ದು ಅವರಿಗೆಲ್ಲಿ? ನಾನು ಮುಂದಕ್ಕೆ ಇಣುಕದಂತೆ ನೀನು ಪುಟದ ಕೆಳಗಿನ ಅರ್ಧವನ್ನು ಅಂಗೈಯಿಂದ ಮುಚ್ಚುತ್ತಿದ್ದೆ. ಈಗ ಯಾವ ಪುಸ್ತಕ ತೆರೆದರೂ ಇಡೀ ಪುಟ ಕಾಣುತ್ತದೆ ಅಕ್ಕಾ. ಓದಲು ಮನಸ್ಸಾಗುವುದಿಲ್ಲ.

ಭಾವನವರಿಗೆ ನಮಸ್ಕಾರ. ಅತ್ತೆಯವರಿಗೆ ಇನ್ನೂ ದೊಡ್ಡ ನಮಸ್ಕಾರ, ಅಪ್ಪಣೆ ಕೊಡುವವರು ಅವರಲ್ಲವೇ!

ನಿನ್ನ ವಿಧೇಯ (ಇದು ಸುಳ್ಳು) ತಮ್ಮ,
ಸಂಗಪ್ಪ

ತಾ. ಕ.: ಇದನ್ನು ಮಾತ್ರ ಅತ್ತೆಯವರಿಗೆ ಓದಿ ಹೇಳಬೇಡ. ಆ ತೀರ್ಪು ನಾನೇ ಕಟ್ಟಿದ ಕತೆ. ಪ್ರಕಾಶಕರು ಹಳೆಯ ಗಿರಾಕಿಗಳಿಗೆಂದು ಹೊಸ ಅಧ್ಯಾಯವನ್ನು ಬೇರೆಯಾಗಿ ಅಚ್ಚು ಹಾಕಿಸಿ ಪುಕ್ಕಟೆ ಕೊಡುತ್ತಿದ್ದಾರೆ. ಕಾಶಪ್ಪನವರು ಅಂದೇ ನನ್ನ ಕೈಗಿತ್ತರು. ಇನ್ನೂ ತೆರೆದಿಲ್ಲ. ಈ ಲಕೋಟೆಯಲ್ಲೇ ಇಟ್ಟು ಕಳಿಸಬಹುದಿತ್ತು. ಕಳಿಸಿದರೆ ನೀನು ಅಲ್ಲೇ ಓದಿಬಿಡುತ್ತೀ.