ಬಜರ್ ಒತ್ತಿದ್ದು ನಾನು

ಅಪ್ಪಾ,

ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ. ಬಿಪಿ ಮಾತ್ರೆ ಫ್ರಿಜ್ ಮೇಲಿದೆ, ಮರೀಬೇಡಿ.

ನಾನು ಸ್ಕೂಲಿಗೆ ಹೊರಟೆ. ಟೀಮಿನವರಿಗೆ ಮುಖ ತೋರಿಸಬೇಕಾದವಳು ನಾನು ತಾನೇ.

ನಿನ್ನೆ ರಾಜ್ಯಮಟ್ಟದ ವಿಜ್ಞಾನ-ಗಣಿತ ಕ್ವಿಜ್ ಫೈನಲ್ಲು, ಕೊನೇ ಪ್ರಶ್ನೆ, ಬಜರ್ ಒತ್ತಿದ್ದು ನಾನು. ಬಾಯಿ ತೆರೆಯೋಷ್ಟರಲ್ಲಿ ನೀವು ಪ್ರೇಕ್ಷಕರ ಮಧ್ಯದಿಂದ ಎದ್ದು "ಸೀಸ, ಪುಟ್ಟೀ, ಸೀಸ!" ಅಂತ ಕೂಗಿದ್ರಿ. ಹೊರಗಿನವರು ಹೇಳಿಕೊಟ್ರು ಅಂತ ಪ್ರಶ್ನೇನೇ ರದ್ದು ಮಾಡಿದ್ರು. ಕೈಗೆ ಬಂದಿದ್ದ ತುತ್ತು, ಒಂದೇ ಪಾಯಿಂಟ್ ಮುಂದಿದ್ದ ಪಕ್ಕದ ಟೀಮಿನ ಬಾಯಿಗೆ ಹೋಯ್ತು.

ಆಮೇಲೆ ಫೋನಲ್ಲಿ ದೊಡ್ಡಪ್ಪನಿಗೆ "ಮಗು ತಡವರಿಸ್ತಿತ್ತು, ಕರುಳು ಚುರುಕ್ ಅಂತು" ಅಂತಿದ್ರಿ.

ಸಂಜೆ ಕರ್ಕೊಂಡು ಬರೋಕೆ ಗೇಟ್ ಹತ್ರ ನಿಲ್ಲಬೇಡಿ. ಬಸ್ಸಲ್ಲಿ ಬರ್ತೀನಿ.

ನಾನು ತಡವರಿಸ್ತಿರಲಿಲ್ಲ ಅಪ್ಪಾ, ಉಸಿರು ತಗೋತಿದ್ದೆ.

ಮತ್ತೆ, ಉತ್ತರ ಸೀಸ ಅಲ್ಲ. ಪಾದರಸ.