ನಾಲ್ಕು ಗಂಟೆಯ ಬಸ್ಸು

ಲುಸಾದೆನ್
ಮಾರ್ಚ್ 11, ಮಂಗಳವಾರ

ಇಪ್ಪತ್ತು ಬೆಟ್ಟಗಳ ಒಡೆಯ ಸೆಲ್ಸೊಗೆ, ಹೆಂಡತಿ ಹರ್ಮಿನಾಳ ನಮಸ್ಕಾರ.

ಹೆಂಡತಿ ಎಂದು ಬರೆದದ್ದು ಪ್ರೀತಿಯಿಂದಲ್ಲ. ಈ ದೇಶದ ಕಾನೂನಿನಲ್ಲಿ ವಿಚ್ಛೇದನವಿಲ್ಲ, ನನ್ನನ್ನು ಕರೆಯಲು ಬೇರೆ ಹೆಸರಿಲ್ಲ, ಅದಕ್ಕೆ.

ನಿನ್ನ ಕಾಗದ ಬಂತು. ಮೂರು ವರ್ಷದಲ್ಲಿ ಇದೇ ಮೊದಲನೆಯದು. ನನ್ನ ಆರೋಗ್ಯಕ್ಕೆ ಒಂದು ಸಾಲು, ನನ್ನ ಅಮ್ಮ ತೀರಿಕೊಂಡದ್ದಕ್ಕೆ ಒಂದು ಸಾಲು, ನಿನ್ನ ಪುಸ್ತಕಕ್ಕೆ ಎರಡು ಪುಟ. 'ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳುವ ಇಪ್ಪತ್ತು ಬೆಟ್ಟಗಳು' ಮೂರನೇ ಸಲ ಅಚ್ಚಾಗುತ್ತಿದೆಯಂತೆ. ಅದರ ಹನ್ನೊಂದನೇ ದಾರಿಯನ್ನು, ಅಂದರೆ ನಮ್ಮೂರ ಪುಗೊಂಗ್ ಬೆಟ್ಟವನ್ನು, ಹೊರಗಿನವರಿಗೆ ಮುಚ್ಚುತ್ತಾರೆ ಎಂಬ ಸುದ್ದಿ ನಿಜವೇ ಎಂದು ಕೇಳಿದ್ದೀಯ. ನಾನೀಗ ಊರ ಪಂಚಾಯಿತಿಯಲ್ಲಿರುವುದನ್ನು ಯಾರೋ ಹೇಳಿದರಂತೆ. ನಾನು ಒಂದು ಮಾತು ಹೇಳಿದರೆ ಸಾಕಂತೆ. ಅಮ್ಮನನ್ನು ಮಣ್ಣು ಮಾಡುವ ದಿನ ನಿನ್ನಿಂದ ಒಂದು ಮಾತು ಬರಲಿಲ್ಲ. ಇಪ್ಪತ್ತು ಬೆಟ್ಟಕ್ಕೆ ಬಸ್ಸು ತೋರಿಸುವವನಿಗೆ ಅವತ್ತು ಒಂದು ಬಸ್ಸೂ ಸಿಗಲಿಲ್ಲವೇನೋ.

ನಿನ್ನ ಪುಸ್ತಕ ನನ್ನಲ್ಲಿದೆ. ಕೊಂಡದ್ದಲ್ಲ, ಯಾರೋ ಜರ್ಮನ್ ಹುಡುಗಿ ಬೆಂಚಿನ ಮೇಲೆ ಮರೆತು ಹೋದದ್ದು. ಒಲೆ ಹೊತ್ತಿಸಲಾದರೂ ಬರಲಿ ಎಂದು ಇಟ್ಟುಕೊಂಡೆ. ಮಂಜಿಗೆ ತೇವ ಹಿಡಿದು ಅದಕ್ಕೂ ಬರಲಿಲ್ಲ. 'ಪೈನ್ ಮರಗಳು ಪಯಣಿಗನ ಕಿವಿಯಲ್ಲಿ ಪಿಸುಗುಟ್ಟುತ್ತವೆ' ಎಂದಿದ್ದೀಯ. ನಿನ್ನ ಕಿವಿಯಲ್ಲಿ ಪಿಸುಗುಟ್ಟಲು ಅವಕ್ಕೇನು ಕೆಲಸವಿಲ್ಲವೇ? ಮನುಷ್ಯರು ಕೂಗಿ ಹೇಳಿದ್ದೇ ನಿನಗೆ ಕೇಳಿಸುತ್ತಿರಲಿಲ್ಲ.

ನಲವತ್ತೆಂಟನೇ ಪುಟ ಓದಿ ನಾನು ಒಬ್ಬಳೇ ಗಟ್ಟಿಯಾಗಿ ನಕ್ಕೆ. 'ಇಳಿಯುವಾಗ ಸ್ಥಳೀಯರು ಪ್ರತಿಧ್ವನಿಯ ಮೋಜಿಗಾಗಿ ಕೂಗುತ್ತಾರೆ' ಎಂದು ಬರೆದಿದ್ದೀಯಲ್ಲ. ಮೋಜಂತೆ! ಬೆಟ್ಟಕ್ಕೆ ಹೋದವರ ಜೀವ ಅಲ್ಲೇ ಚೆಂದ ಕಂಡು ಹಿಂದೆ ಉಳಿದುಬಿಡುತ್ತದೆ, ಅದನ್ನು ಹೆಸರು ಹಿಡಿದು ಕರೆದುಕೊಂಡೇ ಇಳಿಯಬೇಕು. ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ವಿಷಯ. ಅಮ್ಮ ಏಳು ವರ್ಷ ನಿನ್ನ ಬೆನ್ನ ಹಿಂದೆ ನಿಂತು ಕರೆದಳು: "ಸೆಲ್ಸೋ, ಬಾರಪ್ಪ, ಹೋಗಾಣ, ಇಲ್ಲೇ ನಿಂತ್ಕೋಬ್ಯಾಡ." ನೀನು ತಿರುಗಿ ಏನೆಂದೆ, ನೆನಪಿದೆಯೇ? "ಬರ್ತಾ ಇದೀನಲ್ಲ, ಯಾಕೆ ಹಂಗೆ ಕಿರುಚ್ತೀರಾ?" ನನಗೆ ನಾಚಿಕೆಯಾಗಿ ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪು ಎಂದು ಈಗ ಅನ್ನಿಸುತ್ತದೆ.

ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇನೆ. ಎಣಿಸುವಾಗಲೂ ತಪ್ಪಿದವನು ನೀನೊಬ್ಬನೇ.

ಅದೇ ಪುಟದ ಕೊನೆಗೆ, ದಪ್ಪ ಅಕ್ಷರದಲ್ಲಿ: 'ಮರಳುವ ಕೊನೆಯ ಬಸ್ಸು ಸಂಜೆ ನಾಲ್ಕಕ್ಕೆ. ಎಂದೂ ತಪ್ಪದು.' ಸೆಲ್ಸೊ, ನಾಲ್ಕಕ್ಕೆ ಬಸ್ಸಿಲ್ಲ. ಯಾವತ್ತೂ ಇರಲಿಲ್ಲ. ನಮ್ಮ ಬಸ್ಸು ಬೆಟ್ಟ ಹತ್ತುವವರಿಗೆಂದು ಓಡುವುದಲ್ಲ. ಬೆಳಗಿನ ಜಾವ ಕೋಸು, ಕ್ಯಾರೆಟ್ಟು, ಕಾಲೇಜಿನ ಮಕ್ಕಳನ್ನು ಹೊತ್ತು ಬಾಗಿಯೋ ಪಟ್ಟಣಕ್ಕೆ ಇಳಿಯುತ್ತದೆ, ಹತ್ತಕ್ಕೆ ವಾಪಸು ಬರುತ್ತದೆ, ಹನ್ನೆರಡಕ್ಕೆ ಮತ್ತೆ ಇಳಿಯುತ್ತದೆ. ಸಂಜೆ ಸಂತೆ ಮುಗಿಸಿದವರನ್ನು ಕರೆತಂದು ಇಲ್ಲೇ ಮಲಗುತ್ತದೆ. ಹತ್ತಕ್ಕೆ ಬಂದಿಳಿದವನು ಐದು ತಾಸಿನ ಬೆಟ್ಟ ಹತ್ತಿ ಅದೇ ದಿನ ಮರಳುವುದು ಹೇಗೆ? ಸಾಧ್ಯವೇ ಇಲ್ಲ.

ಹಾಗಾದರೆ ನೀನು ಹೇಗೆ ಮರಳುತ್ತಿದ್ದೆ? ಪಟ್ಟಣದಿಂದ ಶನಿವಾರ ಶನಿವಾರ ನನ್ನನ್ನು ನೋಡಲು ಬರುತ್ತಿದ್ದೆಯಲ್ಲ, ಆಗ ಬಸ್ಸು ಓಡಿಸುತ್ತಿದ್ದವನು ನನ್ನ ಸೋದರಮಾವ ತೋಮಿನ್. ಹನ್ನೆರಡಕ್ಕೆ ಹೊರಡಬೇಕಾದ ಬಸ್ಸನ್ನು ಅವನು ನಾಲ್ಕರವರೆಗೆ ನಿಲ್ಲಿಸಿಕೊಳ್ಳುತ್ತಿದ್ದ. ಜನ ಬೈದರೆ ಹೇಳುತ್ತಿದ್ದನಂತೆ: "ಹುಡುಗಿ ಗಂಡು ನೋಡ್ತಾ ಅವಳೆ. ಅರ್ಧ ದಿನದಾಗೆ ಏನು ನೋಡಾಕಾಯ್ತದೆ? ಕೋಸು ಒಂದಿನ ಬಾಡಿದ್ರೆ ಬಾಡ್ಲಿ ಬಿಡಿ." ಹದಿನೇಳು ಹದಿನೆಂಟು ಜನ ಮೂಟೆಗಳ ಮೇಲೆ ಕೂತು ಕಾಯುತ್ತಿದ್ದರು. ಬಾಗಿಯೋದಲ್ಲಿ ಇನ್ನಷ್ಟು ಜನ ಮನೆಗೆ ಬರಲು ಕಾಯುತ್ತಿದ್ದರು. ನೀನು ಬೆಟ್ಟ ಇಳಿದು ಬಂದು, ಯಾರ ಮುಖವನ್ನೂ ನೋಡದೆ, ವಾಚು ನೋಡಿ, ಪುಟ್ಟ ಪುಸ್ತಕದಲ್ಲಿ 'ನಾಲ್ಕು' ಎಂದು ಬರೆದುಕೊಂಡೆ. ಮುದುಕಿ ಸಬ್ಯಾನ ಅಂದೇ ಹೇಳಿದ್ದಳು: "ಈ ಗಂಡು ವಾಚು ನೋಡ್ದಷ್ಟು ಹುಡುಗೀನ ನೋಡ್ನಿಲ್ಲ ಕಣ್ರೇ."

ಮದುವೆಯಾದ ಮೇಲೂ ನಾವು ಬಂದಾಗಲೆಲ್ಲ ಮಾವ ಕಾದ. ನಾನು ಅಮ್ಮನ ಆರೈಕೆಗೆಂದು ಇಲ್ಲಿಗೆ ಬಂದ ವರ್ಷವೇ ಅವನ ಕಣ್ಣು ಮಂಜಾಗಿ ಸ್ಟೇರಿಂಗ್ ಬಿಟ್ಟ. ನೀನು ಎರಡನೇ ಮುದ್ರಣದ ಕೆಲಸವಿದೆ ಎಂದು ಬಾಗಿಯೋದ ನಿನ್ನ ಪುಸ್ತಕದಂಗಡಿಯಲ್ಲೇ ಉಳಿದೆ. ಅಲ್ಲಿಂದೀಚೆಗೆ ಒಮ್ಮೆಯಾದರೂ ಈ ದಾರಿ ನಡೆದು ನೋಡಿದ್ದರೆ ನಿನಗೇ ತಿಳಿಯುತ್ತಿತ್ತು. ಗಲ್ಲಾದ ಮುಂದೆ ಕೂತು ಬೆಟ್ಟ ಹತ್ತಿಸುವವನಿಗೆ ಅಷ್ಟು ಶ್ರಮ ಯಾಕೆ?

ಹೊಸ ಡ್ರೈವರು ಹನ್ನೆರಡಕ್ಕೆ ಹೊರಟುಬಿಡುತ್ತಾನೆ. ಮೂರು ವರ್ಷದಿಂದ ನಿನ್ನ ಓದುಗರು ಸಂಜೆ ನನ್ನ ಬಾಗಿಲು ತಟ್ಟುತ್ತಿದ್ದಾರೆ, ನಿಲ್ದಾಣಕ್ಕೆ ಹತ್ತಿರದ ಮನೆ ನನ್ನದೇ ತಾನೇ. "ಆಂಟೀ, ನಾಲ್ಕು ಗಂಟೆ ಬಸ್ಸು ಎಲ್ಲಿ ನಿಲ್ಲುತ್ತೆ?" "ಪುಸ್ತಕದಲ್ಲಿ ನಿಲ್ಲುತ್ತೆ ಕಂದಾ, ಒಳಗೆ ಬಾ" ಎನ್ನುತ್ತೇನೆ. ಸಿಹಿಗೆಣಸು, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ಸಾರು, ಅಮ್ಮನ ಕಂಬಳಿಗಳು. ಬೆಳಿಗ್ಗೆ ಕಾಫಿ ಕುಡಿಸಿ ಮೊದಲ ಬಸ್ಸಿಗೆ ಹತ್ತಿಸುತ್ತೇನೆ. ನಿನ್ನ ತಪ್ಪಿಗೆ ಅನ್ನ ಬಡಿಸಿದವಳು ನಾನು.

ಜನವರಿಯ ಕೊನೆಯ ಶನಿವಾರ ನಾನು ಮನೆಯಲ್ಲಿರಲಿಲ್ಲ. ಪಕ್ಕದೂರಿನಲ್ಲಿ ಸಾವಾಗಿತ್ತು, ಊರಿನ ಮುಕ್ಕಾಲು ಜನ ಅಲ್ಲಿದ್ದರು. ಅವತ್ತು ಬಂದವರು ಅವೆಲಿನಾ ಟೀಚರ್ ಮತ್ತು ಅವರ ತಂಗಿಯ ಮಗಳು. ಟೀಚರಿಗೆ ಅರವತ್ತೊಂದು. ನಿವೃತ್ತರಾದ ಮೇಲೆ ತಿಂಗಳಿಗೊಂದರಂತೆ ನಿನ್ನ ಇಪ್ಪತ್ತೂ ಬೆಟ್ಟ ಹತ್ತಬೇಕೆಂದು ಹಟ ಹಿಡಿದಿದ್ದರಂತೆ. ಐದರವರೆಗೆ ಕಾದರು. ಬಾಗಿಲು ತಟ್ಟಿದರು, ಯಾರೂ ತೆರೆಯಲಿಲ್ಲ. ಮಂಜು ಇಳಿಯಿತು. ಹೆದ್ದಾರಿಗೆ ಒಂಬತ್ತು ಕಿಲೋಮೀಟರು, ನಡೆದೇ ಹೊರಟರು. ಮಣ್ಣು ಕುಸಿದ ತಿರುವಿನಲ್ಲಿ ಟೀಚರ್ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಅಲ್ಲಿ ಫೋನು ಹಿಡಿಯುವುದಿಲ್ಲ, ಕತ್ತಲಲ್ಲಿ ಅವರನ್ನು ಬಿಟ್ಟುಹೋಗಲು ಹುಡುಗಿಗೆ ಆಗಲಿಲ್ಲ, ಸಂಜೆಯ ಬಸ್ಸು ಅವತ್ತು ಸಾವಿಗೆ ಹೋದವರಿಗಾಗಿ ಪಕ್ಕದೂರಿನಲ್ಲೇ ರಾತ್ರಿ ನಿಂತಿತ್ತು. ಬೆಳಗಿನ ಬಸ್ಸು ಇಳಿಯುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಎತ್ತಿ ಸೀಟಿನ ಮೇಲೆ ಮಲಗಿಸುವಾಗ ಅವರು ಅಂದರಂತೆ: "ನಾವು ನಾಲ್ಕಕ್ಕೆ ಮುಂಚೇನೇ ಬಂದಿದ್ವಲ್ಲಾ." ತಪ್ಪು ತಮ್ಮದೇ ಇರಬಹುದು ಎಂದುಕೊಂಡಿದ್ದರು. ಇನ್ನು ಊರುಗೋಲಿಲ್ಲದೆ ನಡೆಯುವುದು ಕಷ್ಟ ಎಂದಿದ್ದಾರೆ ಡಾಕ್ಟರು.

ಇದು ನಿನಗೆ ಗೊತ್ತಿರಲಿಲ್ಲ ಎಂದು ನಿನ್ನ ಕಾಗದ ನೋಡಿಯೇ ತಿಳಿಯಿತು. ಗೊತ್ತಿದ್ದರೆ ಬೆಟ್ಟ ಮುಚ್ಚುತ್ತಾರೆಯೇ ಎಂದು ಕೇಳುವ ಮೊದಲು ನೀನು ಟೀಚರ್ ವಿಷಯ ಕೇಳುತ್ತಿದ್ದೆ. ಅಷ್ಟರಮಟ್ಟಿಗೆ ನಿನ್ನ ಮೇಲೆ ಇನ್ನೂ ನಂಬಿಕೆಯಿದೆ, ಹೆಚ್ಚು ಹಿಗ್ಗಬೇಡ.

ಮೊನ್ನೆ ಪಂಚಾಯಿತಿ ಸೇರಿತ್ತು. ದಾರಿ ಮುಚ್ಚಬೇಕೆಂದು ಇಬ್ಬರು ಗದ್ದಲ ಮಾಡಿದರು. ತೋಮಿನ್ ಮಾವ ಗೋಡೆ ಹಿಡಿದು ಎದ್ದು ನಿಂತ: "ಬೆಟ್ಟ ಏನ್ರಯ್ಯ ಮಾಡ್ತು? ಮುಚ್ಚೋದಾದ್ರೆ ಆ ಪುಸ್ತಕ ಮುಚ್ರಿ." ಎಲ್ಲರೂ ನಕ್ಕರು. ಮಾವ ನಗಲಿಲ್ಲ. ನಾಲ್ಕರವರೆಗೆ ಬಸ್ಸು ನಿಲ್ಲಿಸಿ ಅಭ್ಯಾಸ ಕೆಡಿಸಿದವನು ನಾನೇ ಎಂದು ಅವನು ಅವತ್ತಿನಿಂದ ಸರಿಯಾಗಿ ಉಂಡಿಲ್ಲ.

ಆದ್ದರಿಂದ ನೀನು ಕೇಳಿದ ಒಂದು ಮಾತು ಇಲ್ಲಿದೆ: ದಾರಿ ಮುಚ್ಚುವುದಿಲ್ಲ. ನಿನ್ನ ಪುಸ್ತಕದಲ್ಲಿ ಅದು ಉಳಿಯಬೇಕಾದರೆ ಕೊನೆಯ ಬಸ್ಸು ಹನ್ನೆರಡಕ್ಕೆ ಎಂದು ಅಚ್ಚಾಗಬೇಕು, ಮೊದಲು ಬರೆದದ್ದು ತಪ್ಪು ಎಂದೂ ಅಚ್ಚಾಗಬೇಕು. ಆಗ ಅದು ಒಂದು ದಿನದ ಬೆಟ್ಟವಾಗಿ ಉಳಿಯುವುದಿಲ್ಲ, ಪುಗೊಂಗ್ ಇರುವ ರಕ್ಷಾಪುಟದ ಚಿತ್ರವೂ ಬದಲಾಗಬೇಕಾಗುತ್ತದೆ, ಪುಸ್ತಕ ಮೊದಲಿನಷ್ಟು ಹೋಗುವುದಿಲ್ಲ. ಗೊತ್ತು. ಅದು ನಿನ್ನ ಕರ್ಮ.

ಕಾಗದದ ತುದಿಯಲ್ಲಿ ಸಣ್ಣಗೆ 'ಬಂದು ಮಾತಾಡಲೇ?' ಎಂದು ಬರೆದಿದ್ದೀಯ. ಬಾ ಎನ್ನಲಾರೆ, ಬೇಡ ಎನ್ನಲು ರಸ್ತೆ ನನ್ನದಲ್ಲ.

ಇಂತಿ,
ನಿನ್ನ ನಲವತ್ತೇಳನೇ ಪುಟದ ಚಿತ್ರದಲ್ಲಿರುವ 'ನಗುಮುಖದ ಸ್ಥಳೀಯ ಮಹಿಳೆ',
ಹರ್ಮಿನಾ

ಮರೆತದ್ದು: ಮರೆತದ್ದಲ್ಲ. ಲಕೋಟೆ ಅಂಟಿಸಿ, ಹರಿದು, ಮತ್ತೆ ಬರೆಯುತ್ತಿದ್ದೇನೆ. ಮೇಲಿನದರಲ್ಲಿ ಸುಳ್ಳಿಲ್ಲ, ಆದರೆ ಒಂದನ್ನು ಬಿಟ್ಟಿದ್ದೇನೆ. ಮೊದಲ ಇಬ್ಬರು ಬಾಗಿಲು ತಟ್ಟಿದ ಮರುದಿನವೇ ನಿನಗೆ ಒಂದು ಸಾಲು ಬರೆಯಬಹುದಿತ್ತು. ಒಂದು ಹಲಗೆಯ ಮೇಲೆ 'ಕೊನೆಯ ಬಸ್ಸು ಹನ್ನೆರಡಕ್ಕೆ' ಎಂದು ಬರೆದು ನಿಲ್ದಾಣದಲ್ಲಿ ನೆಡಬಹುದಿತ್ತು. ಹತ್ತು ನಿಮಿಷದ ಕೆಲಸ. ಮಾಡಲಿಲ್ಲ. ಬರುವವರೆಲ್ಲ ನಿನ್ನ ಅಂಗಡಿಯಲ್ಲಿ, ನಿನ್ನ ಕೈಯಿಂದಲೇ ಪುಸ್ತಕ ಪಡೆದವರು. ಬಡಿಸುತ್ತಾ ಕೇಳುತ್ತಿದ್ದೆ: ಇಳಿದುಹೋಗಿದ್ದಾನೆಯೇ, ಕೆಮ್ಮುತ್ತಿದ್ದನೇ, ಅಂಗಡಿಯಲ್ಲಿ ಒಬ್ಬನೇ ಇದ್ದನೇ. ಅವರೆಲ್ಲ ಹನ್ನೆರಡಕ್ಕೆ ಹೊರಟುಹೋಗಿದ್ದರೆ ನನಗೆ ಯಾರು ಹೇಳುತ್ತಿದ್ದರು? ಹಲಗೆ ನೆಟ್ಟಿದ್ದರೆ ಟೀಚರ್ ಇವತ್ತು ನಡೆಯುತ್ತಿದ್ದರು.

ನಿನ್ನೆ ನೆಟ್ಟೆ. ಶನಿವಾರ ಬೆಳಗಿನ ಬಸ್ಸಿಗೆ ಟೀಚರ್ ಇರುವ ಬಾಗಿಯೋದ ಆಸ್ಪತ್ರೆಗೆ ಬರುತ್ತೇನೆ, ಅವರಿಗೆ ಇದನ್ನು ಹೇಳಬೇಕು. ನೀನೂ ಬಾಗಿಲ ಹತ್ತಿರ ಇರು. ಮೊದಲು ನಾನು ಹೇಳುತ್ತೇನೆ, ಆಮೇಲೆ ನೀನು.