ಹದಿನೇಳನೆಯ ಟೇಪಿನ ಕೊನೆ

ರಾಯಚೂರು
ಭಾನುವಾರ, ೨೪ ನವೆಂಬರ್ ೧೯೮೫

ಪ್ರಿಯ ಜಹೀರುದ್ದೀನ್ ಅವರಿಗೆ,

ಮಹಾಂತಯ್ಯ ಮಾಸ್ತರನ ನಮಸ್ಕಾರ. ಹನ್ನೊಂದು ವರ್ಷದ ಮೇಲೆ ಕಾಗದ ಬರೆಯುವವನು ಕ್ಷೇಮ ಸಮಾಚಾರದಿಂದ ಶುರು ಮಾಡಿದರೆ ನೀವು ನಗುತ್ತೀರಿ. ಆದರೂ ಹೇಳಿಬಿಡುತ್ತೇನೆ. ಮೊಣಕಾಲು ಹಿಡಿದುಕೊಂಡಿದೆ, ಕನ್ನಡಕ ದಪ್ಪವಾಗಿದೆ, ಅವ್ವ ಹೋದ ಶ್ರಾವಣದಲ್ಲಿ ತೀರಿಕೊಂಡಳು. ಹಾಸಿಗೆ ಹಿಡಿದ ಮೇಲೂ ನನಗೆ ಹೆಣ್ಣು ಹುಡುಕುವುದನ್ನು ಬಿಡಲಿಲ್ಲ. ಈಗ ಮನೆಯಲ್ಲಿ ನಾನೊಬ್ಬನೇ. ಬೆಳಿಗ್ಗೆ ಕೈಯಡುಗೆ, ಹಗಲು ಹೈಸ್ಕೂಲು, ಅದೇ ಕನ್ನಡ ಪಾಠ.

ಬರೆಯುತ್ತಿರುವುದು ಒಂದು ಸಣ್ಣ ಕೆಲಸಕ್ಕೆ. ನಾವಿಬ್ಬರೂ ಎರಡು ವರ್ಷ ಊರೂರು ತಿರುಗಿ ತುಂಬಿಕೊಂಡ ಹಾಡಿನ ಟೇಪುಗಳು, ಹದಿನೇಳೂ, ನನ್ನ ಟ್ರಂಕಿನಲ್ಲಿವೆ. ಗುಲ್ಬರ್ಗದ ಒಂದು ಗ್ರಂಥಾಲಯದವರು ಅವನ್ನು ಕೇಳಿದ್ದಾರೆ. ಡಿಸೆಂಬರ್ ಐದಕ್ಕೆ ಅವರ ಕಡೆಯವರು ಬಂದು ಒಯ್ಯುತ್ತಾರೆ. ಅಲ್ಲಿಗೆ ಹೋದ ಮೇಲೆ ಯಾರು ಬೇಕಾದರೂ ಕೇಳಬಹುದು. ಹದಿನಾರರ ಬಗ್ಗೆ ನನಗೆ ಚಿಂತೆಯಿಲ್ಲ. ಹದಿನೇಳನೆಯದರ ಕೊನೆಯ ಒಂದೂವರೆ ನಿಮಿಷ ಇರಬೇಕೋ, ಕತ್ತರಿಸಬೇಕೋ ಎಂಬುದನ್ನು ನೀವು ಹೇಳಬೇಕು. ಅದು ನಿಮ್ಮದು.

ಕೆಲಸದ ಮಾತು ಇಷ್ಟೇ. ಇಲ್ಲಿಗೇ ಸಹಿ ಹಾಕಿ ಮುಗಿಸಬಹುದಿತ್ತು. ಆದರೆ ಹಾಡಿನ ಪದ ಮುಗಿದ ಕೂಡಲೇ ಎದ್ದು ಹೋಗುವ ಚಾಳಿ ನನ್ನದು, ಅದರಿಂದಲೇ ಕೆಟ್ಟೆ. ಈ ಸಲ ಸ್ವಲ್ಪ ಕೂತಿರುತ್ತೇನೆ.

ಮಾನ್ವಿಯ ನಿಮ್ಮ ರೇಡಿಯೋ ರಿಪೇರಿ ಅಂಗಡಿಗೆ ನಾನು ಮೊದಲು ಬಂದದ್ದು ಅವ್ವನ ಕೆಟ್ಟ ರೇಡಿಯೋ ಹಿಡಿದುಕೊಂಡು. ಹೈದರಾಬಾದಿನ ಗುಜರಿಯಿಂದ ತಂದ ಟೇಪ್ ರೆಕಾರ್ಡರೊಂದನ್ನು ನೀವು ಬಿಚ್ಚಿಕೊಂಡು ಕೂತಿದ್ದಿರಿ. ಹೆಂಗಸರ ಹಾಡುಗಳನ್ನು ಬರೆದುಕೊಳ್ಳುವ ಹುಚ್ಚು ನನಗಿದೆ ಎಂದೆ. ಬರೆದರೆ ಮಾತು ಸಿಗುತ್ತದೆ, ದನಿ ಎಲ್ಲಿ ಸಿಗುತ್ತದೆ ಎಂದು ನೀವು ಕೇಳಿದಿರಿ. ಮುಂದಿನ ಭಾನುವಾರ ಆ ಯಂತ್ರ ನಿಮ್ಮ ಹೆಗಲಿಗೆ ಬಂತು, ಬ್ಯಾಟರಿ ಚೀಲ ನನ್ನ ಹೆಗಲಿಗೆ. ಆಮೇಲೆ ಎರಡು ವರ್ಷ ನನಗೆ ಭಾನುವಾರ ಬಿಟ್ಟರೆ ಬೇರೆ ವಾರವೇ ಇರಲಿಲ್ಲ.

ದೇವದುರ್ಗದ ಹೊಲ ನೆನಪಿದೆಯೇ? ಹೆಂಗಸರು ಶೇಂಗಾದ ಕಳೆ ತೆಗೆಯುತ್ತ ಹಾಡುತ್ತಿದ್ದರು. ನೀವು ಕೊಡೆಯನ್ನು ಯಂತ್ರಕ್ಕೆ ಹಿಡಿದು ನೀವೇ ಬಿಸಿಲಿಗೆ ನಿಂತಿರಿ. ನಾನು ಧೋತರದ ಸೆರಗನ್ನು ನಿಮ್ಮ ತಲೆಯ ಮೇಲೆ ಹಿಡಿದೆ. ಹಾಡುವುದು ಬಿಟ್ಟು ಅವರೆಲ್ಲ ನಮ್ಮನ್ನು ನೋಡಿ ನಕ್ಕರು. ಆ ನಗುವೂ ಟೇಪಿನಲ್ಲಿದೆ. ನಮ್ಮ ಹತ್ತಿರ ಒಂದೇ ಹೆಡ್‌ಫೋನು. ಅದರ ಒಂದು ಬಟ್ಟಲನ್ನು ನಿಮ್ಮ ಕಿವಿಗೆ, ಇನ್ನೊಂದನ್ನು ನನ್ನ ಕಿವಿಗೆ ಒತ್ತಿ ಹಿಡಿದು, ಬೇವಿನ ಮರದ ಕೆಳಗೆ ತಲೆಗೆ ತಲೆ ತಾಗಿಸಿ ಕೂತು ಕೇಳುತ್ತಿದ್ದೆವು. ನಿಜ ಹೇಳಬೇಕೆಂದರೆ ಎಷ್ಟೋ ಸಲ ನಾನು ಹಾಡು ಕೇಳುತ್ತಿರಲಿಲ್ಲ.

ಜಗಳವಿದ್ದದ್ದು ಒಂದಕ್ಕೇ. ಪದ ಮುಗಿದರೂ ನೀವು ಯಂತ್ರ ಆರಿಸುತ್ತಿರಲಿಲ್ಲ. ಟೇಪು ತುಟ್ಟಿ, ಸಿಗುವುದೇ ಕಷ್ಟ, ಕೆಮ್ಮು ಕೋಳಿ ಕೂಗನ್ನೆಲ್ಲ ಯಾಕೆ ತುಂಬುತ್ತೀರಿ ಎಂದು ನಾನು ಗೊಣಗುತ್ತಿದ್ದೆ. ಅದಕ್ಕೆ ನಿಮ್ಮ ಉತ್ತರ ಒಂದೇ: “ಪದ ಮುಗದ ಮ್ಯಾಲೇ ಮನಷ್ಯಾ ಮಾತಾಡ್ತಾನ್ರೀ ಮಾಸ್ತರ. ಅದೂ ಬೇಕು.” ನಾನು ಪದದವನು. ಬಾಡಿಗೆಯ ಯಂತ್ರ ತಂದು ಮನೆಯಲ್ಲಿ ಕೂತು ಬರೆದುಕೊಳ್ಳುವಾಗಲೂ ಕೊನೆಯ ಸಾಲು ಬಂತೆಂದರೆ ಟಕ್ಕನೆ ನಿಲ್ಲಿಸುತ್ತಿದ್ದೆ. ನೀವು ಉಳಿಸಿಟ್ಟದ್ದನ್ನು ಒಂದು ದಿನವೂ ಕೇಳಲಿಲ್ಲ.

ಈಗ ಕುರ್ಡಿಯ ಮಾತು. ಅಲ್ಲಿಯ ಗೋಪಮ್ಮನಿಗೆ ಮದುವೆಯಲ್ಲಿ ಮದುಮಕ್ಕಳನ್ನು ಹೊಸ್ತಿಲಲ್ಲಿ ತಡೆದು ಬಾಗಿಲು ಕಟ್ಟುವ ಪದ ಬರುತ್ತದೆಂದು ಮೂರು ಸಲ ಅಲೆದಿದ್ದೆವು. ನಾಲ್ಕನೆಯ ಸಲ ಹೋದಾಗ ನಾಟಿ ಮುಗಿಸಿ ಬಂದ ಹೆಂಗಸರೊಂದಿಗೆ ಕಟ್ಟೆಯ ಮೇಲೆ ಕೂತಿದ್ದಳು. ಅಂದೂ ಪದ ಬಾಯಿಗೆ ಬರಲೊಲ್ಲದು. “ಮದಲಿಂಗ ಇಲ್ಲದ ಬಾಗಲದಾಗ ಬಾಗಲ ಪದ ಹ್ಯಾಂಗ ಬರ್ತದಪ್ಪಾ? ನೀವಿಬ್ರೂ ಹೊಸ್ತಿಲದಾಗ ನಿಂದರ್ರಿ. ಒಡಪು ಹಾಕಿದ್ರ ಪದ, ಇಲ್ಲಂದ್ರ ಇಲ್ಲ” ಎಂದಳು. ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಬಾಯಿಬಿಟ್ಟು ಹೇಳುವುದು ಅದೊಂದೇ ಗಳಿಗೆಯಲ್ಲಿ, ಅದೂ ಪ್ರಾಸದ ಒಡಪಿನಲ್ಲಿ ಬಚ್ಚಿಟ್ಟು. ನಾವು ಹೊಸ್ತಿಲಲ್ಲಿ ನಿಂತೆವು. ಅವರು ಕೈ ಚಾಚಿ ಬಾಗಿಲು ಕಟ್ಟಿದರು. ನಾನು ತಮಾಷೆಗೆಂದು ಹೇಳಿಬಿಟ್ಟೆ:

“ಕಾಲುವಿ ನೀರು ಗದ್ದಿಗಿ ಬಂತು, ಕೊಕ್ಕರಿ ಬಂತು ಸಾಲಾಗಿ,
ಜಹೀರುದ್ದೀನರ ಹೆಸರು ಹೇಳ್ತೀನಿ, ಬಾಗಲ ಬಿಡ್ರಿ ಬೇಗಾಗಿ.”

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮ್ಮ ಸರದಿ ಬಂತು. ನೀವು ಬಗ್ಗಿ ಯಂತ್ರದ ಗುಂಡಿ ತಿರುವುತ್ತ ಕೂತಿರಿ, ಮುಖ ಎತ್ತಲಿಲ್ಲ. ಸಾಬರಿಗೆ ನಾಚಿಕೆ ಎಂದು ಗೋಪಮ್ಮ ನಿಮ್ಮನ್ನು ಬಿಟ್ಟು ಪದ ಎತ್ತಿಕೊಂಡಳು. ಪದ ಮುಗಿದದ್ದೇ ನಾನು ಎಂದಿನಂತೆ ಎದ್ದು, ದನಿಗೂಡಿಸಿದವರ ಹೆಸರು ಬರೆದುಕೊಳ್ಳಲು ಅವರ ಹಿಂದೆ ಓಣಿಗೆ ಹೋದೆ. ಮರಳಿ ಬರುವಾಗ ನೀವು ಯಂತ್ರ ಕಟ್ಟಿಕೊಂಡು ನಿಂತಿದ್ದಿರಿ. ಮಾನ್ವಿಯವರೆಗೆ ಬಸ್ಸಿನಲ್ಲಿ ನೀವು ಒಂದು ಮಾತೂ ಆಡಲಿಲ್ಲ. ನಾಲ್ಕು ಜನರ ಮುಂದೆ ನಿಮ್ಮನ್ನು ನಗೆಪಾಟಲು ಮಾಡಿದೆನೆಂದು ನಾನು ನಾಚಿಕೆಯಿಂದ ಹಿಡಿಯಷ್ಟಾಗಿದ್ದೆ.

ವಾರದ ಮೇಲೆ ಮಾನ್ವಿ ಬಸ್ಸಿನ ಕಂಡಕ್ಟರ್ ಅಮೀರ್ ಸಾಬ್ ಟೇಪು ತಂದುಕೊಟ್ಟರು. ಡಬ್ಬದ ಮೇಲೆ ನಿಮ್ಮ ಪೆನ್ಸಿಲ್ ಅಕ್ಷರ: ‘೧೭. ಕುರ್ಡಿ. ಗೋಪಮ್ಮ. ಪೂರ್ತಿ ಕೇಳ್ರಿ.’ ನಾನು ಕೇಳಿದೆ. ಅಂದರೆ ಪದದ ಕೊನೆಯ ಸಾಲಿನವರೆಗೆ ಕೇಳಿದೆ. ಕೇಳಿ, ನಿಮ್ಮ ಸಿಟ್ಟು ಇಳಿದಿದೆಯೋ ಇಲ್ಲವೋ ನೋಡೋಣವೆಂದು, ಹಳೆಯ ಜಗಳದ ಸಲಿಗೆಯಲ್ಲಿ ಒಂದು ಚೀಟಿ ಬರೆದು ಅಮೀರ್ ಸಾಬರ ಕೈಯಲ್ಲೇ ಕಳಿಸಿದೆ. ಅದು ನನಗೆ ಅಕ್ಷರಕ್ಷರ ನೆನಪಿದೆ: ‘ಪೂರ್ತಿ ಕೇಳಿದೆ. ಇನ್ನು ಮುಂದೆ ಹೀಗೆ ಟೇಪು ಹಾಳು ಮಾಡಬೇಡಿ.’

ಮುಂದಿನ ಭಾನುವಾರ ನೀವು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎರಡು ತಿಂಗಳು ಕಾದೆ. ಮಾನ್ವಿ ಬಸ್ಸು ಹತ್ತಲು ಧೈರ್ಯ ಬರಲಿಲ್ಲ. ನಮ್ಮದು ಜಂಗಮರ ಮನೆ, ಅವ್ವನ ಕಿವಿ ಸೂಕ್ಷ್ಮ, ಊರ ಬಾಯಿ ದೊಡ್ಡದು ಎಂದೆಲ್ಲ ನನಗೆ ನಾನೇ ಪಾಠ ಹೇಳಿಕೊಂಡೆ.

ಹೋದ ಭಾನುವಾರ, ಗ್ರಂಥಾಲಯಕ್ಕೆ ಕೊಡುವ ಮುಂಚೆ ನನಗೊಂದು ಪ್ರತಿ ಇರಲೆಂದು, ಸ್ಪೂಲುಗಳನ್ನು ಕ್ಯಾಸೆಟ್ಟಿಗೆ ಇಳಿಸಲು ಕೂತೆ. ಬಾಡಿಗೆಯ ಯಂತ್ರದವನು ಸ್ಪೂಲು ತುದಿ ಮುಟ್ಟುವವರೆಗೆ ಕೈ ಹಚ್ಚಬಾರದೆಂದು ತಾಕೀತು ಮಾಡಿದ್ದ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಹದಿನೇಳನೆಯದರಲ್ಲಿ ಪದ ಮುಗಿಯಿತು. ನನ್ನ ಚಪ್ಪಲಿಯ ಸದ್ದು ದೂರ ಹೋಯಿತು. “ನಿಂದು ಇನ್ನಾ ಹೇಳಲಿಲ್ಲಲ್ಲಪ್ಪಾ” ಎಂದಳು ಗೋಪಮ್ಮ. ಸ್ವಲ್ಪ ಹೊತ್ತು ಬರೀ ಕೋಳಿಗಳು. ಆಮೇಲೆ ನಿಮ್ಮ ದನಿ ಬಂತು:

“ಕೆಟ್ಟ ರೇಡಿಯೋ ಹಾಡಸ್ತೀನಿ ಊರಿನ ಮಂದಿಗೆಲ್ಲ,
ಮಹಾಂತಯ್ಯನ ಹೆಸರ ಬಿಟ್ಟು ನನಗ ಬ್ಯಾರೆ ಪದ ಬರಂಗಿಲ್ಲ.”

ಎರಡು ವರ್ಷದಲ್ಲಿ ನೀವು ನನ್ನನ್ನು ಮಾಸ್ತರ ಎಂದಲ್ಲದೆ ಕರೆದವರಲ್ಲ. ನಿಮ್ಮ ಬಾಯಲ್ಲಿ ನನ್ನ ಹೆಸರನ್ನು ನಾನು ಮೊದಲು ಕೇಳಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಕೈಯಲ್ಲಿ ಮೊರ ಹಿಡಿದುಕೊಂಡು. ಟೇಪಿನಲ್ಲಿ ಯಾರೂ ನಗಲಿಲ್ಲ. ಗೋಪಮ್ಮ, “ಇದು ನಗ್ಸಾಕ ಹೇಳಿದ್ದಲ್ಲ ಬಿಡು. ಬಾಗಲ ಬಿಟ್ಟೀನಿ, ಒಳಗ ಬಾ ಯಪ್ಪಾ” ಎಂದಳು. ಅಲ್ಲಿಗೆ ನೀವು ಯಂತ್ರ ಆರಿಸಿದ್ದೀರಿ. ನನಗೆ ಅಳು ಬಂತು. ಆರಿಸಿದ ಅಕ್ಕಿ, ಆರಿಸದ ಅಕ್ಕಿ ಎರಡೂ ಕೂಡಿಹೋದವು. ಅಂದು ಅಡುಗೆ ಮಾಡಲಿಲ್ಲ.

ಕೇಳಿ ಎಂದು ಬರೆದು ಕಳಿಸಿದಿರಿ. ಪೂರ್ತಿ ಕೇಳಿದೆ, ಟೇಪು ಹಾಳು ಎಂದು ನಾನು ಉತ್ತರ ಕೊಟ್ಟೆ. ಆ ಚೀಟಿಯನ್ನು ನೀವು ಹೇಗೆ ಓದಿಕೊಂಡಿರಿ ಎಂದು ನೆನೆದರೆ ಕುಂತಲ್ಲಿ ಕೂರಲಾಗುವುದಿಲ್ಲ. ಕ್ಷಮಿಸಿ ಎಂಬ ಮಾತು ಇದಕ್ಕೆ ಸಾಲದು, ಆದರೆ ಕನ್ನಡ ಮಾಸ್ತರನಿಗೂ ಬೇರೆ ಮಾತು ಗೊತ್ತಿಲ್ಲ.

ಮೊನ್ನೆ ಅಮೀರ್ ಸಾಬ್ ಸಿಕ್ಕರು. ಗೋಪಮ್ಮ ತೀರಿಕೊಂಡು ಮೂರು ವರ್ಷವಾಯಿತಂತೆ. ನಿಮ್ಮ ಒಡಪಿನ ಮಾತು ಅವಳಿಂದ ಒಂದು ಕಿವಿಗೂ ದಾಟಿದಂತಿಲ್ಲ. ನಿಮ್ಮ ಬಗ್ಗೆ ನಾನು ಕೇಳಲಿಲ್ಲ. ಅವರೇ ಹೇಳಿದರು: “ಜಹೀರ ಇನ್ನಾ ಒಬ್ಬನ ಅದಾನ್ರೀ. ಅದ ಅಂಗಡಿ, ಅಂಗಡಿ ಹಿಂದ ಮನಿ.”

ಈಗ ಕತ್ತರಿ ನಿಮ್ಮ ಕೈಯಲ್ಲಿ. ಕತ್ತರಿಸಿ ಎಂದರೆ ಕತ್ತರಿಸಿ ಆ ತುಂಡನ್ನು ನಿಮಗೇ ತಲುಪಿಸುತ್ತೇನೆ. ಇರಲಿ ಎಂದರೆ ಇಬ್ಬರ ಒಡಪುಗಳೂ ಇದ್ದಲ್ಲೇ ಇರುತ್ತವೆ. ಕೇಳುವ ಲೋಕ ಏನಂದುಕೊಂಡರೂ ನನಗೆ ಈಗ ಅಂಜಿಕೆಯಿಲ್ಲ. ನಿಮಗೆ ಇದ್ದರೆ ಅದು ತಪ್ಪಲ್ಲ. ಐದನೆಯ ತಾರೀಖಿನೊಳಗೆ ಒಂದು ಸಾಲು ಬರೆಯಿರಿ. ಅಮೀರ್ ಸಾಬರ ಬಸ್ಸು ರಾಯಚೂರಿಗೆ ಈಗಲೂ ಹನ್ನೊಂದಕ್ಕೆ ಬರುತ್ತದೆ.

ನಿಮ್ಮ
ಮಹಾಂತಯ್ಯ
(ಮಾಸ್ತರ ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ.)

ಮರೆತಂತೆ ಮಾಡಿದ ಮಾತು: ನನ್ನ ಒಡಪನ್ನು ತಮಾಷೆಗೆ ಹೇಳಿದೆ ಎಂದು ಮೇಲೆ ಬರೆದಿದ್ದೇನೆ. ಸುಳ್ಳು. ಕುರ್ಡಿಗೆ ಹೋಗುವ ನಾಲ್ಕು ತಿಂಗಳು ಮುಂಚೆ, ಮಾನ್ವಿ ಬಸ್ಸಿನಲ್ಲಿ ನೀವು ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಾಗ, ಕಾಲುವೆಯ ಕೊಕ್ಕರೆ ನೋಡುತ್ತ ಅದನ್ನು ಕಟ್ಟಿದ್ದೆ. ಹೇಳಲು ಒಂದು ಬಾಗಿಲು ಸಿಕ್ಕಿರಲಿಲ್ಲ. ಈ ಕಾಗದದ ಜೊತೆ ಒಂದು ಕ್ಯಾಸೆಟ್ ಇದೆ. ಗೋಪಮ್ಮನ ಪದವನ್ನು ನಾನೇ ಹಾಡಿದ್ದೇನೆ, ಅಪಸ್ವರ ಸಹಿಸಿಕೊಳ್ಳಿ. ಪದ ಮುಗಿದ ಮೇಲೆ ಬಹಳ ಹೊತ್ತು ಏನೂ ಕೇಳಿಸುವುದಿಲ್ಲ. ಎದ್ದು ಹೋಗಬೇಡಿ. ಪೂರ್ತಿ ಕೇಳ್ರಿ.